ಡುಬ್ಬದ ಸೀಟು

ನಮ್ಮಪ್ಪನ ಹೀರೋ ಹೋಂಡಾ ಸಿಡಿ 100 ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕದು. ಮನೆಯಲ್ಲಿ ಮರ್ಯಾದೆ ಮಾತ್ರ ನನಗಿಂತ ಒಂದು ಕೈ ಹೆಚ್ಚು. ಆಯುಧ ಪೂಜೆಗೆ ಅದಕ್ಕೆ ಚೆಂಡು ಹೂವಿನ ಹಾರ ಹಾಕಿ, ನಿಂಬೆಹಣ್ಣು ತುಳಿಸಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ನನ್ನ ಹುಟ್ಟಿದ ತಾರೀಕು ಯಾವುದು ಅಂತ ಅಪ್ಪ ಈಗಲೂ ಅಮ್ಮನ ಮುಖ ನೋಡುತ್ತಾರೆ. 1991ರಲ್ಲಿ ತಂದ ಗಾಡಿ. ‘ತುಂಬಿಸಿ, ಮುಚ್ಚಿ, ಮರೆತುಬಿಡಿ’ ಅಂತ ಅದರ ಜಾಹೀರಾತು ಬರುತ್ತಿತ್ತು. ಅಪ್ಪ ತುಂಬಿಸಿದರು, ಮುಚ್ಚಿದರು. ಮರೆಯುವುದು ಮಾತ್ರ ಅವರ ಕೈಲಿ ಆಗಲಿಲ್ಲ. ದಿನಾ ಬೆಳಗ್ಗೆ ಹಳೇ ಬನಿಯನ್ನಿನಲ್ಲಿ ಒರೆಸುತ್ತಾರೆ.

ಆ ಗಾಡಿಗೆ ಕೆಫೆ ರೇಸರ್ ಸೀಟು ಹಾಕಿಸಬೇಕು ಅಂತ ನನಗೆ ಹೊಳೆದದ್ದು ನಲವತ್ತು ತುಂಬಿದ ವರ್ಷ. ನಲವತ್ತಕ್ಕೆ ಕೆಲವರಿಗೆ ಶುಗರ್ ಬರುತ್ತದೆ, ಕೆಲವರಿಗೆ ಟ್ರೆಕ್ಕಿಂಗ್ ಬರುತ್ತದೆ. ನನಗೆ ಇದು ಬಂತು.

ಗೊತ್ತಿಲ್ಲದವರಿಗೆ ಹೇಳಬೇಕು. ಲಂಡನ್ನಿನಲ್ಲಿ ಏಸ್ ಕೆಫೆ ಅಂತ ಒಂದಿದೆ. 1938ರಲ್ಲಿ ಶುರುವಾದದ್ದು. ಐವತ್ತು-ಅರವತ್ತರ ದಶಕದಲ್ಲಿ ಚರ್ಮದ ಜಾಕೆಟ್ಟಿನ ಹುಡುಗರು ಅಲ್ಲಿ ಬಂದು ಠಿಕಾಣಿ ಹೂಡುತ್ತಿದ್ದರು. ಗಾಡಿಯಲ್ಲಿ ಬೇಡವೆನಿಸಿದ್ದನ್ನೆಲ್ಲ ಕಿತ್ತು ಹಾಕಿ, ಹ್ಯಾಂಡಲ್ ತಗ್ಗಿಸಿ, ಕಾಲಿಡುವ ಕಂಬಿ ಹಿಂದಕ್ಕೆ ಸರಿಸಿ, ಟ್ಯಾಂಕಿನ ಮೇಲೆ ಬೋರಲು ಬಿದ್ದು ಗಂಟೆಗೆ ನೂರು ಮೈಲಿ ಮುಟ್ಟುವುದು ಅವರ ಜೀವನದ ಗುರಿ. ನಮ್ಮ ಲೆಕ್ಕದಲ್ಲಿ 160 ಕಿಲೋಮೀಟರ್. ಅಂಥ ಗಾಡಿಗೇ ಕೆಫೆ ರೇಸರ್ ಅನ್ನುವುದು. ಸೀಟು ಒಬ್ಬನಿಗೆ ಮಾತ್ರ. ವೇಗಕ್ಕೆ ಸವಾರ ಹಿಂದಕ್ಕೆ ಜಾರದಿರಲಿ ಅಂತ ಅದರ ಬೆನ್ನಿಗೊಂದು ಡುಬ್ಬ. ಜ್ಯೂಕ್‌ಬಾಕ್ಸಿಗೆ ಕಾಸು ಹಾಕಿ, ಹಾಡು ಮುಗಿಯುವುದರೊಳಗೆ ಒಂದು ಸುತ್ತು ಹೊಡೆದು ವಾಪಸ್ ಬರುತ್ತಿದ್ದರು ಅಂತಲೂ ಕಥೆ ಇದೆ.

ದಾವಣಗೆರೆಯಲ್ಲಿ ಇದೇನು ಮಹಾ ಅಂದುಕೊಂಡೆ. ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆಗೆ ಆರ್ಡರ್ ಕೊಟ್ಟು ಹರಿಹರಕ್ಕೆ ಹೋಗಿ, ತುಂಗಭದ್ರೆಯಲ್ಲಿ ಕಾಲು ತೊಳೆದು ಬಂದರೂ ದೋಸೆ ಇನ್ನೂ ಹಂಚಿನ ಮೇಲೇ ಇರುತ್ತದೆ. ಸೌದೆ ಒಲೆಯವರಿಗೆ ಅವಸರ ಇರುವುದಿಲ್ಲ. ಇರಲೂಬಾರದು.

ಇನ್ನು ಗಾಡಿ. ಅದರ ಇಂಜಿನ್ನು 97.2 ಸಿಸಿ. ಅರವತ್ತು ದಾಟಿತೆಂದರೆ ಕನ್ನಡಿ ನಡುಗಿ, ಹಿಂದೆ ಬರುವ ಒಂದು ಲಾರಿ ಎರಡಾಗಿ ಕಾಣುತ್ತದೆ. ಡುಬ್ಬ ಹಿಡಿದು ನಿಲ್ಲಿಸಬೇಕಾದಂಥ ವೇಗವನ್ನು ಅದು ಹುಟ್ಟಿದಾಗಿನಿಂದ ಕಂಡಿಲ್ಲ. ಆದರೂ ಆಸೆ ನೋಡಿ.

ಹಳೇ ಸೀಟಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ ತಟ್ಟುತ್ತದೆ. ಅದನ್ನು ಸೀಟು ಅನ್ನುವುದಕ್ಕಿಂತ ಜಗಲಿ ಅನ್ನಬಹುದು. ಉದ್ದಕ್ಕೆ, ಸಪಾಟಾಗಿ, ಮೆತ್ತಗೆ. ಟ್ಯಾಂಕಿನ ಮೇಲೆ ನಾನು, ಆಮೇಲೆ ಅಪ್ಪ, ಅಪ್ಪನ ಬೆನ್ನಿಗೆ ಅಂಟಿಕೊಂಡು ತಂಗಿ, ಕೊನೆಗೆ ಒಂದೇ ಕಡೆ ಕಾಲು ಬಿಟ್ಟುಕೊಂಡು ಅಮ್ಮ, ಅಮ್ಮನ ತೊಡೆಯ ಮೇಲೆ ಬುತ್ತಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಹೀಗೇ ಹೋಗುತ್ತಿದ್ದದ್ದು. ಒಮ್ಮೆ ಮಂಡಿಪೇಟೆ ಹತ್ತಿರ ಸೋದರಮಾವ ನಡೆದು ಹೋಗುತ್ತಿದ್ದದ್ದು ಅಪ್ಪನ ಕಣ್ಣಿಗೆ ಬಿತ್ತು. ಗಾಡಿ ನಿಲ್ಲಿಸಿ, ಹಿಂದಕ್ಕೆ ತಿರುಗಿ, “ಇನ್ನೊಬ್ರು ಹಿಡಿಸ್ತಾರೆ, ಜರುಗ್ರಿ” ಅಂದರು. ಹಿಡಿಸಿದರು. ಅದು ಹೇಗೆ ಅಂತ ಈಗ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಹೊಸ ಸೀಟು ಆನ್‌ಲೈನಿನಲ್ಲಿ ತರಿಸಿದ್ದು. ಕಂದು ರೆಗ್ಜಿನ್, ಮೇಲೆ ಶಂಕರಪೋಳಿ ಆಕಾರದ ಹೊಲಿಗೆ, ತಳ ಫೈಬರ್. ‘ಯೂನಿವರ್ಸಲ್ ಫಿಟ್’ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿತ್ತು. ನನ್ನ ಹೆಂಡತಿ ಅದನ್ನು ಓದಿ, “ಫ್ರೀ ಸೈಜ್ ನೈಟಿ ಇದ್ದಂಗೆ. ಯಾರಿಗೂ ಸರಿ ಹೋಗಲ್ಲ” ಅಂದಳು. ಹೆಂಗಸರಿಗೆ ಗಾಡಿ ವಿಷಯ ಏನು ಗೊತ್ತು ಅಂದುಕೊಂಡೆ. ಬಾಯಿ ಬಿಟ್ಟು ಅನ್ನಲಿಲ್ಲ, ಪುಣ್ಯ.

ಹದಡಿ ರಸ್ತೆ ಕಡೆಯ ನಮ್ಮ ಮೆಕ್ಯಾನಿಕ್ಕು ಹಳೇ ಸೀಟು ಬಿಚ್ಚಿದ. ಹಿಂದೆ ಎರಡು ಬೋಲ್ಟು, ಮುಂದೆ ಒಂದು ನಾಲಿಗೆ. ಆ ನಾಲಿಗೆ ಟ್ಯಾಂಕಿನ ಬುಡದಲ್ಲಿ ಸಿಕ್ಕಿಕೊಂಡು ಸೀಟನ್ನು ಏಳದಂತೆ ಹಿಡಿದಿರುತ್ತದೆ. ಈ ನಾಲಿಗೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾವು ಮರೆತೆವು.

ಹೊಸ ಸೀಟು ಇಟ್ಟು ನೋಡಿದರೆ ಅದರ ತಳ ಚಪ್ಪಟೆ, ನಮ್ಮ ಫ್ರೇಮು ಹಿಂದಕ್ಕೆ ಹೋಗುತ್ತಾ ಮೇಲಕ್ಕೇಳುತ್ತದೆ. ಟ್ಯಾಂಕಿಗೂ ಸೀಟಿಗೂ ನಡುವೆ ನಾಲ್ಕು ಬೆರಳು ಸಂದು. ಹಿಂದುಗಡೆ ಸೀಟು ಮುಗಿದ ಮೇಲೂ ಫ್ರೇಮು, ಮಡ್‌ಗಾರ್ಡು, ವೈರುಗಳು ಸೀರೆ ಕೆಳಗೆ ಲಂಗ ಇಣುಕಿದ ಹಾಗೆ ಹೊರಗೆ. “ಇದನ್ನ ಕತ್ತರಿಸಿ ಒಂದು ಬಳೆ ವೆಲ್ಡ್ ಹೊಡದ್ರೆ ಫಸ್ಟ್ ಕ್ಲಾಸ್ ಆಕೈತಿ ನೋಡ್ರಿ” ಅಂತ ಮೆಕ್ಯಾನಿಕ್ಕು ಗ್ರೈಂಡರ್ ಎತ್ತಿಕೊಂಡ. ಕೆಫೆ ರೇಸರ್ ಮಾಡುವವರು ಹಾಗೇ ಮಾಡುತ್ತಾರೆ, ಅವನದು ತಪ್ಪಲ್ಲ. ನನಗೆ ಮಾತ್ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಾಯಿತು. ಕಂಪನಿ ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಗಾಡಿ ಹಾಗೇ ಇರಬೇಕು ಅನ್ನುತ್ತದೆ ಅದು. ಅದರ ಹಿಂದೆಯೇ ಬನಿಯನ್ನು ಹಿಡಿದ ಅಪ್ಪ ನೆನಪಾದರು. ಸೆಕ್ಷನ್ನಿಗೆ ದಂಡ ಕಟ್ಟಬಹುದು.

“ಕತ್ತರಿಸೋದು ಬ್ಯಾಡ” ಅಂದೆ.

ಹಾಗಾಗಿ ವಾಷರ್ ಮೇಲೆ ವಾಷರ್ ಪೇರಿಸಿ ಹಿಂದೆ ಎರಡು ಬೋಲ್ಟು ಬಿಗಿದ. ಮುಂದುಗಡೆಗೆ ಎರಡು ಪ್ಲಾಸ್ಟಿಕ್ ಟೈ ಕಟ್ಟಿ, “ಸದ್ಯಕ್ಕ ಇರ್ಲಿ ಬಿಡ್ರಿ” ಅಂದ. ನಮ್ಮೂರಲ್ಲಿ ‘ಸದ್ಯಕ್ಕೆ’ ಅಂತ ಹಾಕಿದ ಕರೆಂಟು ಕಂಬಗಳ ಕೆಳಗೆ ಮಕ್ಕಳಾಡಿ, ಆ ಮಕ್ಕಳಿಗೆ ಮದುವೆಯೂ ಆಗಿದೆ. ನಾನು ಒಪ್ಪಿದೆ. ಹೊಸ ಸೀಟಿಗೆ ಅಡ್ಡ ಬರುತ್ತದೆ ಅಂತ ಹಿಡಿಕೆಯ ಕಂಬಿಯನ್ನೂ ಸೀರೆ ಗಾರ್ಡನ್ನೂ ಬಿಚ್ಚಿದೆವು. ಹಳೇ ಸೀಟನ್ನು ಅವನ ಅಂಗಡಿಯಲ್ಲೇ ಬಿಟ್ಟು ಬಂದೆ.

ಮನೆ ಮುಂದೆ ನಿಲ್ಲಿಸಿದಾಗ ಅಪ್ಪ ಗಾಡಿಗೆ ಒಂದು ಪ್ರದಕ್ಷಿಣೆ ಬಂದರು. ಡುಬ್ಬದ ಮೇಲೆ ಕೈಯಾಡಿಸಿದರು, ಎತ್ತು ಕೊಳ್ಳುವವರ ಹಾಗೆ. ಆಮೇಲೆ ಕೇಳಿದರು: “ಇನ್ನರ್ಧ ಯಾವಾಗ ಕೊಡ್ತಾನಂತೆ?”

ಅಮ್ಮ, “ಸೀರೆ ಗಾರ್ಡ್ ಯಾಕೆ ತೆಗ್ಸಿದ್ಯೋ?” ಅಂದರು. “ಹಿಂದೆ ಯಾರೂ ಕೂರಲ್ವಲ್ಲಮ್ಮ” ಅಂದೆ. ಅಮ್ಮ ಒಳಗೆ ಹೋದರು. ಆವತ್ತು ಸಾರಿಗೆ ಉಪ್ಪಿರಲಿಲ್ಲ. ಮರೆತರೋ ಏನೋ.

ಮೊದಲ ದಿನ ಕುಂದವಾಡ ಕೆರೆ ತನಕ ಹೋಗಿ ಬಂದೆ. ಫೋಮು ಒಂದಿಂಚು ದಪ್ಪ. ರಸ್ತೆಯ ಮೇಲೆ ಬಿದ್ದಿದ್ದ ಕಡಲೆಕಾಯಿ ಸಿಪ್ಪೆ ಕೂಡ ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು. ಮಾರನೇ ದಿನ ಮಳೆ. ನಾಲ್ಕು ಬೆರಳು ಸಂದಿನಿಂದ ನೀರು ಬರುತ್ತದೆ ಅಂತ ಅಂದಾಜಿತ್ತು. ಬರುವುದು ಕೆಳಗಿನಿಂದ ಮೇಲಕ್ಕೆ ಅಂತ ಗೊತ್ತಿರಲಿಲ್ಲ. ಆಫೀಸಿನಲ್ಲಿ ಪ್ಯಾಂಟು ಒಣಗುವ ತನಕ ಕುರ್ಚಿ ಬಿಟ್ಟು ಎದ್ದಿಲ್ಲ. ನನ್ನಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವರು ಆವತ್ತು ಅಲ್ಲಿ ಇನ್ನೊಬ್ಬರಿಲ್ಲ.

ಮೂರನೇ ದಿನ ಪಿ.ಬಿ. ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರು ಕೈ ತೋರಿಸಿದರು. ಆರ್‌ಸಿ ನೋಡಿ, ಗಾಡಿ ನೋಡಿ, ಮತ್ತೆ ಆರ್‌ಸಿ ನೋಡಿ, “ಇದ್ರಾಗ ಸೀಟು ಎರಡು ಅಂತೈತಿ. ಇನ್ನೊಂದೆಲ್ಲಿ?” ಅಂದರು. “ಮೆಕ್ಯಾನಿಕ್ ಹತ್ರ ಐತಿ ಸರ್” ಅಂದೆ. ಮೂರು ಜನ ಕೂತಿದ್ದಕ್ಕೆ ದಂಡ ಕಟ್ಟಿದವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಒಬ್ಬ ಕಡಿಮೆ ಬಿದ್ದು ಸಿಕ್ಕಿಹಾಕಿಕೊಂಡವನು ನಾನೇ ಇರಬೇಕು. ಪುಣ್ಯಾತ್ಮರು ನಕ್ಕು, “ಹಾಕ್ಕೊಂಡ್ ಬರ್ರಿ” ಅಂತ ಬಿಟ್ಟರು.

ಭಾನುವಾರ ದೋಸೆ ಹೋಟೆಲ್ಲಿಗೆ ಹೋದೆ. ಏಸ್ ಕೆಫೆ ನೆನೆದು ಗಾಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಓರೆಯಾಗಿ ನಿಲ್ಲಿಸಿದೆ. ಯಾರೂ ನೋಡಲಿಲ್ಲ. ಬೆಣ್ಣೆ ದೋಸೆ ಎದುರಿಗಿರುವಾಗ ತಲೆ ಎತ್ತುವ ಅಭ್ಯಾಸ ನಮ್ಮವರಿಗಿಲ್ಲ. ತಿಂದು, ಕೈ ತೊಳೆದು, ಗಾಡಿ ಮೇಲೆ ಕೂತು ಇನ್ನೇನು ಕಿಕ್ ಹೊಡೆಯಬೇಕು, ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಪಾರ್ಸಲ್ ಹಿಡಿದು ಬಂದರು. ತೊಂಬತ್ತು ಕೆಜಿಗೆ ಕಡಿಮೆ ಇಲ್ಲ. “ಮನಿ ಕಡೀಗೇನು? ನಡಿ” ಅಂದರು. ಕೇಳಿದ್ದಲ್ಲ, ಹೇಳಿದ್ದು. ಅವರಿಗೆ ಡುಬ್ಬ ಕಾಣಲೇ ಇಲ್ಲ. ಗಂಡಸೊಬ್ಬ ಗಾಡಿ ಮೇಲೆ ಕೂತಿದ್ದಾನೆ ಅಂದಮೇಲೆ ಅವನ ಹಿಂದೆ ಜಾಗ ಇದ್ದೇ ಇರುತ್ತದೆ ಅನ್ನುವುದು ಅವರ ಎಪ್ಪತ್ತು ವರ್ಷದ ಅನುಭವ. “ಸಾರ್, ಸಾರ್” ಅನ್ನುವಷ್ಟರಲ್ಲಿ ಕಾಲೆತ್ತಿ ಕೂತೇಬಿಟ್ಟರು.

ಈಗ ಆ ನಾಲಿಗೆ ನೆನಪಿಸಿಕೊಳ್ಳಿ.

ಪ್ಲಾಸ್ಟಿಕ್ ಟೈ ಪಟ್ ಅಂತು. ಇನ್ನೊಂದೂ ಪಟ್ ಅಂತು. ಹಿಂದಿನ ಬೋಲ್ಟುಗಳ ಮೇಲೆ ಸೀಟು ಏತದ ಮರದ ಹಾಗೆ ತಿರುಗಿತು. ಮೇಷ್ಟ್ರು ಹಿಂದೆ ಇಳಿದಷ್ಟೂ ನಾನು ಮುಂದೆ ಏರಿದೆ. ಒಂದು ಕ್ಷಣ ಪಟ್ಟಾಭಿಷೇಕ ಆಗುತ್ತಿರುವ ಹಾಗಿತ್ತು. ಮರುಕ್ಷಣ ಟ್ಯಾಂಕ್ ದಾಟಿ ಹ್ಯಾಂಡಲ್ ತಬ್ಬಿಕೊಂಡಿದ್ದೆ. ಲಂಡನ್ನಿನ ಹುಡುಗರು ಮಲಗುತ್ತಿದ್ದದ್ದೂ ಹೀಗೇ. ಹೆಬ್ಬೆರಳು ಹಾರ್ನಿನ ಮೇಲೆ ಬಿದ್ದು ಒಂದೇ ಸಮ ಹೊಡೆದುಕೊಂಡಿತು. ಆಗ ತಲೆ ಎತ್ತಿದರು, ಹೋಟೆಲ್ಲಿನವರೆಲ್ಲ. ಡುಬ್ಬ ಚರ್ ಅಂತ ಸೀಳಿತು. ಮೇಷ್ಟ್ರು ನಿಧಾನಕ್ಕೆ, ಯಾರೋ ಇಳಿಸಿಕೊಟ್ಟ ಹಾಗೆ, ನೆಲದ ಮೇಲೆ ಕೂತರು. ಪಾರ್ಸಲ್ ಕೈಯಲ್ಲೇ ಇತ್ತು.

“ಅಷ್ಟು ಜೋರು ಯಾಕ್ ಹೊಡಿತೀಯೋ ಗಾಡೀನ?” ಅಂದರು.

ಗಾಡಿ ಇನ್ನೂ ಸ್ಟಾರ್ಟೇ ಆಗಿರಲಿಲ್ಲ.

ಸೋಮವಾರ ಸಂಜೆ, ಸೀಳಿದ ಡುಬ್ಬಕ್ಕೆ ಹಗ್ಗ ಸುತ್ತಿಕೊಂಡು ಹದಡಿ ರಸ್ತೆಗೆ ಹೋದೆ. ಹಳೇ ಸೀಟು ಮೆಕ್ಯಾನಿಕ್ ಅಂಗಡಿಯ ಬಾಗಿಲಲ್ಲೇ ಇತ್ತು. ಎರಡು ಸಿಮೆಂಟ್ ಬ್ಲಾಕ್ ಮೇಲೆ ಅಡ್ಡ ಇಟ್ಟಿದ್ದರು. ಅದರ ಮೇಲೆ ಇಬ್ಬರು ಹಿರಿಯರು ಕೂತು ಬೈಟೂ ಚಹಾ ಕುಡಿಯುತ್ತಾ ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಮಾತಾಡುತ್ತಿದ್ದರು.

“ಅದು ನನ್ನ ಸೀಟು, ವಾಪಸ್ ಹಾಕ್ಬೇಕು” ಅಂದೆ.

ಮೆಕ್ಯಾನಿಕ್ಕು ಸ್ಪ್ಯಾನರ್ ಒರೆಸುತ್ತಾ, “ಹಾಕೋಣಂತ್ರೀ. ಅವ್ರು ಎದ್ದೇಳ್ಲಿ” ಅಂದ.

ಅವರು ಏಳುವ ಲಕ್ಷಣ ಕಾಣಲಿಲ್ಲ. ನಾನು ಅಲ್ಲೇ ನಿಂತೆ. ಐದು ನಿಮಿಷವಾಯಿತು, ಹತ್ತಾಯಿತು. ಕೊನೆಗೆ ಟವೆಲ್ ಹೊದ್ದ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪಕ್ಕದವರಿಗೆ ಮೊಣಕೈಯಲ್ಲಿ ತಿವಿದರು.

“ಜರುಗಪಾ ಅಷ್ಟು. ಇನ್ನೊಬ್ರು ಹಿಡಿಸ್ತಾರೆ.”