ಸರ್ವರ್ ಇಲ್ಲ, ಸಹಕರಿಸಿ

ಕಳೆದ ಸೋಮವಾರ ನಮ್ಮ ಬಡಾವಣೆಯ ಬ್ಯಾಂಕಿಗೆ ಹೋದಾಗ ಕೌಂಟರಿನ ಗಾಜಿನ ಮೇಲೆ ‘ಸರ್ವರ್ ಇಲ್ಲ, ಸಹಕರಿಸಿ’ ಎಂಬ ಫಲಕ ತೂಗುತ್ತಿತ್ತು. ಅದು ಅವಸರದಲ್ಲಿ ಗೀಚಿದ ಚೀಟಿಯಾಗಿರಲಿಲ್ಲ. ಚೆಂದವಾಗಿ ಮುದ್ರಿಸಿ, ಲ್ಯಾಮಿನೇಶನ್ ಮಾಡಿಸಿ, ಎರಡು ಮೂಲೆಗಳಲ್ಲಿ ತೂತು ಹೊಡೆದು, ಫೈಲು ಕಟ್ಟುವ ಹಸಿರು ಟ್ಯಾಗನ್ನು ಪೋಣಿಸಿದ್ದರು. ನಮ್ಮವರಿಗೆ ಮುಂದಾಲೋಚನೆ ಇಲ್ಲವೆಂದು ಹಳಿಯುವವರು ಆ ಫಲಕವನ್ನೊಮ್ಮೆ ದರ್ಶನ ಮಾಡಿ ಬರಬೇಕು.

ನೌಕರಿಯಲ್ಲಿದ್ದಾಗ ನಾನೂ ‘ಬಿಸಿನೆಸ್ ಇಂಪ್ಯಾಕ್ಟ್ ಅನಾಲಿಸಿಸ್’ ಎಂಬ ವಾರ್ಷಿಕ ವ್ರತವನ್ನು ಆಚರಿಸಿದವನೇ. ಅದರ ಮೂಲ ಉದ್ದೇಶ ಒಳ್ಳೆಯದೇ. ಬೆಂಕಿಯಿಂದ ನಿಂತಿತೋ ನೆರೆಯಿಂದ ನಿಂತಿತೋ ಎಂಬ ವಿಚಾರಣೆಯನ್ನು ಬದಿಗಿಟ್ಟು, ಒಂದು ಕೆಲಸ ನಿಂತರೆ ಯಾರಿಗೆ ಏನು ನಷ್ಟ, ಎಷ್ಟು ಹೊತ್ತಿನ ನಂತರ ಆ ನಷ್ಟವನ್ನು ತಾಳಲಾಗದು, ಆ ಕೆಲಸ ಯಾವ ಮನುಷ್ಯರನ್ನು, ಯಾವ ಯಂತ್ರವನ್ನು, ಹೊರಗಿನ ಯಾವ ಕಂಪನಿಯನ್ನು ನೆಚ್ಚಿಕೊಂಡಿದೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು. ವ್ಯವಹಾರ ನಿಲ್ಲದಂತೆ ನೋಡಿಕೊಳ್ಳುವ ಬಗೆಗಿನ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡ ಈ ವಿಶ್ಲೇಷಣೆಯಲ್ಲಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ನಮಗೆ ಬಂದದ್ದು ಮಾತ್ರ ಒಂದು ಎಕ್ಸೆಲ್ ಹಾಳೆ. ‘ನಿಮ್ಮ ವಿಭಾಗ ಎಷ್ಟು ನಿರ್ಣಾಯಕ?’ ಎಂಬ ಪ್ರಶ್ನೆಗೆ ಎಲ್ಲರೂ ‘ಅತ್ಯಂತ’ ಎಂದೇ ತುಂಬಿದರು. ತನ್ನ ವಿಭಾಗ ಒಂದು ವಾರ ಮುಚ್ಚಿದರೂ ಯಾರಿಗೂ ಗೊತ್ತಾಗುವುದಿಲ್ಲವೆಂದು ಸಹಿ ಹಾಕಿ ಕೊಡುವ ಮ್ಯಾನೇಜರು ಇನ್ನೂ ಹುಟ್ಟಬೇಕಷ್ಟೆ; ದೀಪಾವಳಿಗೆ ಸಿಹಿ ಡಬ್ಬಿ ಹಂಚುವ ವಿಭಾಗವೂ ಎರಡು ಗಂಟೆಯೊಳಗೆ ಮೇಲೇಳಬೇಕಾಗಿತ್ತು. ಸಂಬಳ ವಿಭಾಗದ ಗುಮಾಸ್ತರೊಬ್ಬರು, ‘ಸಾರ್, ಹತ್ತನೇ ತಾರೀಕು ನಿಂತರೆ ಎರಡು ದಿನ ತಡೆಯಬಹುದು, ಇಪ್ಪತ್ತೊಂಬತ್ತಕ್ಕೆ ನಿಂತರೆ ಎರಡು ಗಂಟೆಯೂ ಆಗುವುದಿಲ್ಲ’ ಎಂದರು. ಇಡೀ ಸಭೆಯಲ್ಲಿ ಉಪಯೋಗಕ್ಕೆ ಬರುವ ಮಾತೆಂದರೆ ಅದೊಂದೇ. ಹಾಳೆಯ ಆ ಚೌಕದಲ್ಲಿ ಒಂದೇ ಸಂಖ್ಯೆ ಹಿಡಿಸುತ್ತದೆ ಎಂದು ಈ ವ್ರತ ಮಾಡಿಸಲು ಬಂದಿದ್ದ ಸಲಹೆಗಾರರು ಅದನ್ನು ತಳ್ಳಿಹಾಕಿದರು.

ಈ ಶಾಸ್ತ್ರದಲ್ಲಿ ಆರ್‌ಟಿಒ ಎಂದರೆ ನಿಂತ ಕೆಲಸ ಮರಳಿ ಶುರುವಾಗಬೇಕಾದ ಗಡುವು. ನಮಗೆ ಆ ಮೂರಕ್ಷರ ಕೇಳಿದೊಡನೆ ನೆನಪಾಗುವುದು ಲೈಸೆನ್ಸು, ಎಂಟರ ಆಕಾರದ ಟ್ರ್ಯಾಕು ಮತ್ತು ಹೊರಗೆ ಮರದ ಕೆಳಗೆ ಫೈಲು ಹಿಡಿದು ನಿಂತ ಮಧ್ಯವರ್ತಿ. ಎರಡೂ ಆರ್‌ಟಿಒಗಳಲ್ಲಿ ಗಡುವನ್ನು ಕೇಳುವುದು ಅಧಿಕಪ್ರಸಂಗವೇ. ಆರ್‌ಪಿಒ ಎಂಬುದು ಇನ್ನೊಂದು: ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ಸಹಿಸಬಹುದು ಎಂಬ ಲೆಕ್ಕ. ನಾವು ಹದಿನೈದು ನಿಮಿಷ ಎಂದು ಬರೆದೆವು. ಬ್ಯಾಕಪ್ಪು ನಡೆಯುತ್ತಿದ್ದದ್ದು ರಾತ್ರಿಗೊಮ್ಮೆ. ಸರ್ವರ್ ನಾಲ್ಕು ಗಂಟೆಯಲ್ಲಿ ಏಳಬೇಕೆಂದು ಬರೆದೆವು. ದುರಸ್ತಿಯ ಕರಾರಿನಲ್ಲಿದ್ದದ್ದು ಇಂಜಿನಿಯರು ಮುಂದಿನ ಕೆಲಸದ ದಿನ ಬರುತ್ತಾರೆಂದು. ಎರಡು ಕಾಗದಗಳೂ ಒಂದೇ ಬೀರುವಿನಲ್ಲಿ, ಒಂದರ ಮುಖ ಇನ್ನೊಂದು ನೋಡದೆ, ಸುಖವಾಗಿದ್ದವು. ಕೊನೆಗೊಂದು ದಿನ ಸರ್ವರ್ ಮಲಗಿತು. ಆಗ ಮಾಡಬೇಕಾದದ್ದನ್ನೆಲ್ಲ ವಿವರಿಸುವ ಯೋಜನೆಯ ಪ್ರತಿ ಇದ್ದದ್ದು ಅದೇ ಸರ್ವರಿನಲ್ಲಿ.

ನಮ್ಮವರನ್ನಷ್ಟೇ ಅಂದು ಪ್ರಯೋಜನವಿಲ್ಲ. ಜಗತ್ತಿಗೆಲ್ಲ ಮೆಮೊರಿ ಚಿಪ್ಪು ಮಾರುವ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ, 2025ರ ಸೆಪ್ಟೆಂಬರ್ 26ರಂದು ಸರ್ಕಾರದ ದತ್ತಾಂಶ ಕೇಂದ್ರದ ಬ್ಯಾಟರಿಗಳಿಗೆ ಬೆಂಕಿ ಬಿದ್ದು 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಹೊರಗೆ ಬ್ಯಾಕಪ್ ಇರಲಿಲ್ಲ. ಕೊಟ್ಟ ಕಾರಣ, ದತ್ತಾಂಶ ಬಹಳ ದೊಡ್ಡದಾಗಿತ್ತು ಎಂಬುದು. ಮನೆ ಬಹಳ ದೊಡ್ಡದೆಂದು ಬೀಗ ಹಾಕದವರ ತರ್ಕವನ್ನು ನಾವು ಇನ್ನೂ ಕಲಿಯಬೇಕಾಗಿದೆ.

ಪರಿಣಾಮದ ಲೆಕ್ಕ ನಮಗೆ ಬಾರದೆಂದಲ್ಲ. 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ, ಆಗಸ್ಟ್ 30ರ ಒಂದೇ ದಿನ ನೌಕರರು ಐದು ಗಂಟೆ ರಸ್ತೆಯಲ್ಲಿ ಸಿಕ್ಕಿಬಿದ್ದು 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಬರೆದದ್ದು ಸರಿ. ಆದರೆ ಅದೇ ನೀರಿನಲ್ಲಿ ನಿಂತ ಮನೆಗೆಲಸದವಳ, ಗಾರೆ ಕೆಲಸದವನ ಆ ದಿನದ ಕೂಲಿಯನ್ನು ಯಾವ ಸಂಘ ಕೂಡಿ ಬರೆಯಿತು?

ಸೋಮವಾರ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಪಿಂಚಣಿ ಹಣ ತೆಗೆಯಲು ಬಂದದ್ದು ಅದು ಮೂರನೆಯ ಸಲವಂತೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಆಕೆ ಎಷ್ಟು ದಿನ ತಾಳಬಲ್ಲರೆಂದು ಕೇಳುವ ಅಂಕಣವನ್ನು ನಾನು ತುಂಬಿದ ಯಾವ ಹಾಳೆಯಲ್ಲೂ ಕಂಡಿಲ್ಲ. ಬ್ಯಾಂಕಿನ ನಷ್ಟ, ಬ್ಯಾಂಕಿನ ಹೆಸರಿಗೆ ತಟ್ಟುವ ಕಳಂಕ, ಬ್ಯಾಂಕಿನ ಮೇಲೆ ಬೀಳುವ ದಂಡ, ಎಲ್ಲಕ್ಕೂ ಅಂಕಣವಿದೆ. ಇದನ್ನು ಬರೆಯುವಾಗ ನಗು ಬರುತ್ತಿಲ್ಲ. ಆ ಹಾಳೆಗಳ ಮೇಲೆ ನನ್ನ ಸಹಿಯೂ ಇತ್ತು.

‘ನಾಳೆ ಬಂದ್ರೆ ಇರ್ತದಾ ಸ್ವಾಮಿ?’ ಎಂದು ಅಜ್ಜಿ ಕೇಳಿದರು. ಒಳಗಿದ್ದ ಹುಡುಗ ಒಳ್ಳೆಯವನೇ, ‘ಬೆಳಿಗ್ಗೆ ಒಂದು ಫೋನ್ ಮಾಡಿ ಬನ್ನಿ ಅಜ್ಜಿ’ ಎಂದ. ಮರುದಿನ ನಾನೇ ಫೋನ್ ಮಾಡಿದೆ. ಕರೆ ಹೋಗಲಿಲ್ಲ. ಬ್ಯಾಂಕಿನ ಫೋನೂ ಅದೇ ನೆಟ್‌ವರ್ಕಿನಲ್ಲಿ ನಡೆಯುತ್ತದಂತೆ.