ಕೆರೆ ನೀರು ಸಿಹಿಯಾಗಿಲ್ಲ: ಕೋಲಾರದ ವಾಟ್ಸಾಪ್ ಸಂದೇಶಕ್ಕೆ ಸ್ಪಷ್ಟನೆ

"ಬೆಂಗಳೂರಿನವರು ನುಂಗಿದ ಶುಗರ್‌ಫ್ರೀ ಮಾತ್ರೆ ಕೆ.ಸಿ. ವ್ಯಾಲಿ ನೀರಲ್ಲಿ ಬಂದು ನಮ್ಮ ಕೆರೆ ಸಿಹಿಯಾಗಿದೆ, ಸಕ್ಕರೆ ಕಾಯಿಲೆಯವರು ಇಲ್ಲಿನ ಟೊಮೆಟೊ ತಿನ್ನಬೇಡಿ" ಅಂತ ಸಂದೇಶ ಓಡಾಡುತ್ತಿದೆ. (ಕೆ.ಸಿ. ವ್ಯಾಲಿ ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ.) ಇದು ತಪ್ಪು. ಆದರೆ ಪೂರ್ತಿ ಕಟ್ಟುಕತೆಯೂ ಅಲ್ಲ.

ಇಂಥ ಕೆಲವು ಮಾತ್ರೆಗಳಲ್ಲಿರುವ ಸುಕ್ರಲೋಸ್ ಎಂಬ ಸಿಹಿಕಾರಕ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಅದರ ಬಹುಪಾಲು ನಮ್ಮ ಹೊಟ್ಟೆಯಲ್ಲಿ ಕರಗದೆ ಹಾಗೇ ಹೊರಗೆ ಹೋಗುತ್ತದೆ. ಶುದ್ಧೀಕರಣ ಘಟಕದಲ್ಲಿ ಕೊಳೆ ತಿನ್ನುವುದು ಬ್ಯಾಕ್ಟೀರಿಯಾ. ಸ್ಯಾಕರಿನ್ ಎಂಬ ಇನ್ನೊಂದು ಸಿಹಿಕಾರಕವನ್ನು ಅವು ಸಲೀಸಾಗಿ ತಿಂದು ಮುಗಿಸುತ್ತವೆ. ಸುಕ್ರಲೋಸ್‌ನಲ್ಲಿ ಮೂರು ಕ್ಲೋರಿನ್ ಪರಮಾಣುಗಳು ಅಂಟಿಕೊಂಡಿವೆ, ಹಾಗಾಗಿ ಅದು ಅವುಗಳ ಬಾಯಿಗೆ ದಕ್ಕುವುದಿಲ್ಲ. ಕೋಲಾರಕ್ಕೆ 2018ರಿಂದ ಬರುತ್ತಿರುವುದು ಎರಡು ಹಂತ ಶುದ್ಧೀಕರಿಸಿದ ನೀರು. ಸುಕ್ರಲೋಸ್ ತೆಗೆಯಲು ಅಷ್ಟು ಸಾಲದು.

ಆದರೆ ಪ್ರಮಾಣ ನೋಡಿ. ಕೊಳಚೆ ನೀರಲ್ಲಿ ಇದನ್ನು ಅಳೆಯುವುದೇ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಅಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಭಾಗ. ನಾಲಿಗೆಗೆ ಗೊತ್ತೇ ಆಗಲ್ಲ, ರಕ್ತದ ಸಕ್ಕರೆಯೂ ಏರಲ್ಲ. ಸುಮ್ನೆ ಟೊಮೆಟೊ ಬೆಳೆದವರ ಹೊಟ್ಟೆ ಮೇಲೆ ಹೊಡೆಯಬೇಡಿ.

ಬೋರ್‌ವೆಲ್‌ನಲ್ಲಿ ಸುಕ್ರಲೋಸ್ ಸಿಕ್ಕರೆ ಮಾತ್ರ ಗಮನಿಸಬೇಕು. ಅಲ್ಲಿಗೆ ಕೊಳಚೆಯ ಅಂಶ ತಲುಪಿದೆ ಎನ್ನುವುದಕ್ಕೆ ಅದು ಗುರುತು. ಆಗ ನೈಟ್ರೇಟ್, ರೋಗಾಣುಗಳ ಪರೀಕ್ಷೆ ಮಾಡಿಸದೆ ಆ ನೀರು ಕುಡಿಯಬೇಡಿ.