ಹಿಚ್‌ಕಾಕ್‌ನಲ್ಲಿ ಒಂದೇ ಒಂದು ಆರಿಸು ಅಂದರೆ

ಮೊನ್ನೆ ಮಾತಿಗೆ ಮಾತು ಬಂದು ಗೆಳೆಯನೊಬ್ಬ ಕೇಳಿದ. "ಹಿಚ್‌ಕಾಕ್ ಸಿನಿಮಾಗಳಲ್ಲಿ ಒಂದನ್ನು ಮಾತ್ರ ಇಟ್ಟುಕೋ, ಉಳಿದದ್ದೆಲ್ಲ ಬಿಡು ಅಂದರೆ ಯಾವುದು?" 50ಕ್ಕೂ ಜಾಸ್ತಿ ಸಿನಿಮಾ ನಿರ್ದೇಶಿಸಿದ ಮನುಷ್ಯ, ಹೀಗೆ ಕೇಳುವುದೇ ಅನ್ಯಾಯ. ಆದರೂ ತಡವಿಲ್ಲದೆ ಬಾಯಿಗೆ ಬಂದದ್ದು 'ನೊಟೋರಿಯಸ್'. 1946ರದ್ದು. ಅವನು 'ಸೈಕೋ' ಅಥವಾ 'ವರ್ಟಿಗೋ' ಅಂತ ಕಾಯುತ್ತಿದ್ದ ಅನಿಸುತ್ತೆ. ಮುಖ ಸಪ್ಪಗಾಯಿತು.

'ವರ್ಟಿಗೋ' ದೊಡ್ಡ ಸಿನಿಮಾ, ಒಪ್ಪಿದೆ. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಅನ್ನೋ ಬ್ರಿಟಿಷ್ ಸಿನಿಮಾ ಪತ್ರಿಕೆ ಎಲ್ಲ ಕಾಲದ ಶ್ರೇಷ್ಠ ಸಿನಿಮಾ ಯಾವುದು ಅಂತ ವಿಮರ್ಶಕರನ್ನು ಕೇಳಿದಾಗ 'ಸಿಟಿಜನ್ ಕೇನ್' ಅನ್ನೇ ಕೆಳಗಿಳಿಸಿ ಮೊದಲನೇ ಜಾಗಕ್ಕೆ ಬಂತು. ಆದರೆ ಗೌರವ ಬೇರೆ, ಇಷ್ಟ ಬೇರೆ ಅಲ್ವಾ? ಭಾನುವಾರ ಊಟ ಮುಗಿಸಿ ಗೋಡೆಗೊರಗಿ ನೋಡುವ ಸಿನಿಮಾ ಅಲ್ಲ ಅದು. ಬಚ್ಚಲುಮನೆಯಲ್ಲೇ ಕೊಲೆ ನಡೆಯುವ 'ಸೈಕೋ' ಮೊದಲ ಸಲ ನೋಡಿದಾಗ ಒಂದು ವಾರ ಬಚ್ಚಲುಮನೆ ಚಿಲಕ ಎರಡೆರಡು ಸಲ ನೋಡುತ್ತಿದ್ದೆ. ಎರಡನೇ ಸಲಕ್ಕೆ ಗುಟ್ಟು ಗೊತ್ತಿತ್ತು, ಭಯ ಹೋಗಿತ್ತು. 'ರಿಯರ್ ವಿಂಡೋ' ಮಾತ್ರ ಕೂದಲೆಳೆಯಲ್ಲಿ ತಪ್ಪಿತು.

'ನೊಟೋರಿಯಸ್' ಹಾಗಲ್ಲ. ಏನಾಗುತ್ತದೆ ಅಂತ ಪೂರ್ತಿ ಗೊತ್ತಿದ್ದರೂ ಪ್ರತಿ ಸಲ ಹೊಟ್ಟೆಯಲ್ಲಿ ಅದೇ ತಳಮಳ. (ಮುಂದೆ ಕಥೆಯೆಲ್ಲ ಬರುತ್ತೆ. 1946ರ ಸಿನಿಮಾ ಸ್ವಾಮಿ, ನೋಡಿಲ್ಲ ಅಂತ ನನ್ನನ್ನು ಬೈಯಬೇಡಿ.)

ಅಲಿಸಿಯಾಳ ಅಪ್ಪ ನಾಜಿಗಳ ಕಡೆಯವನೆಂದು ಜೈಲು ಸೇರಿದ್ದಾನೆ. ಆ ನೋವಿಗೆ ಇವಳು ಕುಡಿಯುತ್ತಾಳೆ. ಇಂಗ್ರಿಡ್ ಬರ್ಗ್‌ಮನ್ ಈ ಪಾತ್ರ. ಕ್ಯಾರಿ ಗ್ರಾಂಟ್ ಮಾಡಿರುವ ಡೆವ್ಲಿನ್ ಅಮೆರಿಕದ ಗೂಢಚಾರ. ಇವಳನ್ನು ಗೂಢಚಾರಿಕೆ ಕೆಲಸಕ್ಕೆಂದು ಬ್ರೆಜಿಲ್‌ನ ರಿಯೋಗೆ ಕರೆದುಕೊಂಡು ಹೋಗುತ್ತಾನೆ. ಇಬ್ಬರಿಗೂ ಪ್ರೀತಿಯಾಗುತ್ತದೆ. ಆಮೇಲೆ ಮೇಲಿನವರಿಂದ ಆದೇಶ ಬರುತ್ತದೆ. ಅಲ್ಲಿರುವ ನಾಜಿ ಗುಂಪಿನ ಸೆಬಾಸ್ಟಿಯನ್ ಜೊತೆ ಅವಳು ಸಲಿಗೆ ಬೆಳೆಸಬೇಕು. ಅವನಿಗೆ ಹಿಂದೆ ಅವಳ ಮೇಲೆ ಮನಸ್ಸಿತ್ತು. ಸಲಿಗೆ ಮುಂದೆ ಮದುವೆಯವರೆಗೂ ಹೋಗುತ್ತದೆ.

ನನಗೆ ಬೇಕಾದ ಸಸ್ಪೆನ್ಸ್ ಇರುವುದೇ ಇಲ್ಲಿ. 'ಬೇಡ, ಹೋಗಬೇಡ' ಅಂತ ಡೆವ್ಲಿನ್ ಒಂದು ಮಾತು ಹೇಳಲಿ ಅಂತ ಅವಳು ಕಾಯುತ್ತಾಳೆ. ಅವಳೇ 'ಆಗಲ್ಲ' ಅನ್ನಲಿ ಅಂತ ಇವನು ಕಾಯುತ್ತಾನೆ. ಇಬ್ಬರೂ ಹೇಳುವುದಿಲ್ಲ. ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ ಮಾತಾಡುವಾಗ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಬಾಂಬ್ ಸುಮ್ನೆ ಸಿಡಿದರೆ 15 ಸೆಕೆಂಡಿನ ಗಾಬರಿ. ಬಾಂಬಿದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷದ ಒದ್ದಾಟ. ಈ ಸಿನಿಮಾದಲ್ಲಿ ಬಾಂಬ್ ಇರುವುದು ಆ ಗಂಡಸಿನ ಗಂಟಲಲ್ಲಿ. ನಾಜಿಗಳು ವೈನ್ ಸೀಸೆಯಲ್ಲಿ ಬಚ್ಚಿಟ್ಟ ಯುರೇನಿಯಂ ನೆಪಕ್ಕೆ ಅಷ್ಟೇ.

ಕೀಲಿಕೈ ದೃಶ್ಯ ಹೇಳದೆ ಮುಂದೆ ಹೋಗಲಾರೆ. ಮನೆಯಲ್ಲಿ ಪಾರ್ಟಿ. ನೆಲಮಾಳಿಗೆಯ ವೈನ್ ಕೋಣೆಯ ಕೀಲಿಯನ್ನು ಗಂಡನ ಗೊಂಚಲಿನಿಂದ ಅಲಿಸಿಯಾ ಕಳಚಿಕೊಂಡಿದ್ದಾಳೆ. ಅಷ್ಟರಲ್ಲಿ ಗಂಡ ಬಂದು ಎರಡೂ ಕೈ ಹಿಡಿದುಕೊಳ್ಳುತ್ತಾನೆ. ಒಂದು ಮುಷ್ಟಿ ಬಿಡಿಸಿ ಅಂಗೈಗೆ ಮುತ್ತಿಡುತ್ತಾನೆ. ಕೀಲಿ ಇರುವುದು ಇನ್ನೊಂದರಲ್ಲಿ. ಅದನ್ನೂ ಬಿಡಿಸುವ ಮೊದಲೇ ಅವನನ್ನು ತಬ್ಬಿಕೊಂಡು, ಬೆನ್ನ ಹಿಂದೆ ಕೀಲಿ ಬೀಳಿಸಿ, ಕಾಲಲ್ಲಿ ಆಚೆ ತಳ್ಳುತ್ತಾಳೆ. ಆಮೇಲೆ ಪಾರ್ಟಿ. ಕ್ಯಾಮೆರಾ ಮಹಡಿಯ ಎತ್ತರದಿಂದ ಇಡೀ ಹಾಲ್ ತೋರಿಸಿ, ಜನರ ಮೇಲಿಂದ ನಿಧಾನವಾಗಿ ಇಳಿದು ಇಳಿದು, ಅವಳ ಬೆರಳ ಸಂದಿಯ ಆ ಕೀಲಿಯ ಮೇಲೆ ಬಂದು ನಿಲ್ಲುತ್ತದೆ. ಒಂದೂ ಕಟ್ ಇಲ್ಲ.

ಇನ್ನು ಶಾಂಪೇನ್. ಐಸ್‌ನಲ್ಲಿಟ್ಟ ಬಾಟಲಿಗಳು ಖಾಲಿಯಾದರೆ ಗಂಡ ನೆಲಮಾಳಿಗೆಗೆ ಹೋಗುತ್ತಾನೆ, ಕೀಲಿ ಹುಡುಕುತ್ತಾನೆ, ಮುಗೀತು ಕಥೆ. ಗೋಡೆ ಗಡಿಯಾರದ ಮುಳ್ಳು ತೋರಿಸುವ ಬದಲು ಬಾಟಲಿ ಎಣಿಸಿ ಎದೆ ಹೊಡೆದುಕೊಳ್ಳುವಂತೆ ಮಾಡುತ್ತಾನೆ ಹಿಚ್‌ಕಾಕ್ ಮಹಾರಾಯ. ಅಷ್ಟು ಸಾಲದು ಅಂತ, ತನ್ನ ಹೆಚ್ಚಿನ ಸಿನಿಮಾಗಳಲ್ಲಿ ಒಂದು ಕ್ಷಣ ಮುಖ ತೋರಿಸುವ ಚಟ ಇದೆಯಲ್ಲ, ಇಲ್ಲಿ ತಾನೇ ಬಂದು ಒಂದು ಗ್ಲಾಸ್ ಗಟಗಟ ಕುಡಿದು ಹೊರಟುಹೋಗುತ್ತಾನೆ!

ಇಡೀ ಸಿನಿಮಾನೇ ಕುಡಿಯುವುದರ ಮೇಲೆ ನಿಂತಿದೆ. ಮೊದಲಲ್ಲಿ ಅವಳ ವಿಸ್ಕಿ. ಪ್ರೀತಿಯ ಊಟಕ್ಕೆಂದು ಡೆವ್ಲಿನ್ ಕೊಂಡ ಶಾಂಪೇನ್, ಆದೇಶ ಕೇಳಿದ ಶಾಕ್‌ಗೆ ಆಫೀಸಿನಲ್ಲೇ ಮರೆತು ಬರುವುದು. ವೈನ್ ಸೀಸೆಯಲ್ಲಿ ವೈನ್ ಬದಲು ಮರಳಿನಂಥ ಯುರೇನಿಯಂ ಅದಿರು. ಕೊನೆಗೆ ಕಾಫಿ. ಸೊಸೆ ಗೂಢಚಾರಿಣಿ ಅಂತ ಗೊತ್ತಾದ ಮೇಲೆ ಅತ್ತೆ, ಮಗ ಸೇರಿ ದಿನಾ ಕಾಫಿಯಲ್ಲಿ ಸ್ವಲ್ಪ ಸ್ವಲ್ಪ ವಿಷ ಹಾಕುತ್ತಾರೆ. ಹಿಚ್‌ಕಾಕ್ ಕಾಫಿ ಕಪ್ ಅನ್ನು ಕ್ಯಾಮೆರಾ ಮುಂದೆ ದೊಡ್ಡದಾಗಿ ಇಟ್ಟು, ಹಿಂದೆ ಅವಳನ್ನು ಚಿಕ್ಕದಾಗಿ ಕೂರಿಸುತ್ತಾನೆ.

ಈ ಜಾಗಕ್ಕೆ ಬಂದಾಗ ನನ್ನ ಅಮ್ಮ, ಇಂಗ್ಲಿಷ್ ಅಷ್ಟಕ್ಕಷ್ಟೇ, ಹುರುಳಿಕಾಯಿ ಮುರಿಯುತ್ತಾ ಕೂತವಳು, ಕೈ ನಿಲ್ಲಿಸಿ "ಕುಡೀಬೇಡ್ವೇ ಅದನ್ನ" ಅಂದಳು. ಸಬ್‌ಟೈಟಲ್ ಓದಿರಲಿಲ್ಲ. ಕಪ್ ನೋಡಿದ್ದಳು ಅಷ್ಟೇ.

ಕೊನೆಯಲ್ಲಿ ಡೆವ್ಲಿನ್ ಬಾಯಿ ಬಿಡುತ್ತಾನೆ, ಅವಳು ಸಾಯುವ ಹಂತಕ್ಕೆ ಬಂದಾಗ. ಅವಳನ್ನು ಎತ್ತಿ ಹಿಡಿದು ಮೆಟ್ಟಿಲಿಳಿಸುತ್ತಾನೆ. ಕೆಳಗೆ ನಾಜಿಗಳು ನಿಂತು ನೋಡುತ್ತಿದ್ದಾರೆ. ಗುಂಡು ಹಾರುವುದಿಲ್ಲ, ಯಾರೂ ಓಡುವುದಿಲ್ಲ. ಹೆಂಡತಿ ಗೂಢಚಾರಿಣಿ ಅಂತ ಬಾಯಿಬಿಟ್ಟರೆ ತನ್ನವರೇ ತನ್ನನ್ನು ಕೊಲ್ಲುತ್ತಾರೆ. ಹಾಗಾಗಿ ಸೆಬಾಸ್ಟಿಯನ್ ಕೂಡ ಸುಮ್ಮನೆ ಜೊತೆಗೆ ಇಳಿಯುತ್ತಾನೆ. ನನ್ನನ್ನೂ ಕರೆದುಕೊಂಡು ಹೋಗಿ ಅಂತ ಬೇಡುತ್ತಾನೆ. ಡೆವ್ಲಿನ್ ಕಾರಿನ ಬಾಗಿಲು ಲಾಕ್ ಮಾಡುತ್ತಾನೆ. ಸೆಬಾಸ್ಟಿಯನ್ ಪಾತ್ರ ಮಾಡಿದ ಕ್ಲಾಡ್ ರೇನ್ಸ್ ಮುಖ ನೋಡಿ ಆಗ. ಹೆಂಡತಿಯನ್ನು ನಿಜವಾಗಿ ಪ್ರೀತಿಸಿದ ಕುಳ್ಳ ಮನುಷ್ಯ, ವಾಪಸ್ ಮೆಟ್ಟಿಲು ಹತ್ತಿ ತನ್ನ ಸಾವಿನ ಕಡೆಗೆ ನಡೆಯುತ್ತಾನೆ. ಬಾಗಿಲು ಮುಚ್ಚುತ್ತದೆ.

"ಪಾಪ, ಅವನನ್ನೂ ಕೂರಿಸ್ಕೊಂಡು ಹೋಗಬಹುದಿತ್ತು, ಹಿಂದಿನ ಸೀಟು ಖಾಲಿ ಇತ್ತಲ್ಲ" ಅಂದಳು ಅಮ್ಮ. ವಿಷ ಹಾಕಿದವನ ಬಗ್ಗೆ!

ಈಗ ಇನ್ನೊಂದು ಹಿಚ್‌ಕಾಕ್ ಹಾಕು ಅಂತಿದ್ದಾಳೆ. 'ಸೈಕೋ' ಹಾಕೋಣ ಅಂದರೆ ಅದರಲ್ಲಿ ಸತ್ತ ಅಮ್ಮನನ್ನು ಕುರ್ಚಿ ಮೇಲೆ ಕೂರಿಸಿರುವ ರೀತಿ ನೆನಪಾಗಿ ಸುಮ್ಮನಿದ್ದೇನೆ.